ಗೆದ್ದಂತೆ ಕಲ್ಪಿಸಿಕೊಂಡರೆ ಗೆಲ್ಲುತ್ತೇವೆಯೇ?

ಪ್ರಶ್ನೆ: ಒಳ್ಳೆಯ ಕೆಲಸ ಸಿಕ್ಕಂತೆ ದಿನಾ ಬೆಳಗ್ಗೆ ಕಣ್ಣುಮುಚ್ಚಿ ಕಲ್ಪಿಸಿಕೊಳ್ಳುತ್ತೇನೆ. ಆರು ತಿಂಗಳಾದರೂ ಫಲವಿಲ್ಲ. ‘ನಿನ್ನ ನಂಬಿಕೆ ಸಾಲದು’ ಎನ್ನುತ್ತಾರೆ ಕಾರ್ಯಾಗಾರ ನಡೆಸಿದವರು. ನಿಜವೇ?

ಉತ್ತರ: ಖಂಡಿತ ಅಲ್ಲ. ಫಲಿಸಿದರೆ ವಿಧಾನದ ಹಿರಿಮೆ, ಫಲಿಸದಿದ್ದರೆ ನಿಮ್ಮ ತಪ್ಪು ಎನ್ನುವ ಮಾತನ್ನು ಪರೀಕ್ಷಿಸಲು ದಾರಿಯೇ ಇಲ್ಲ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಮನೋವಿಜ್ಞಾನಿಗಳಾದ ಗೇಬ್ರಿಯೆಲೆ ಓಟಿಂಗೆನ್ ಮತ್ತು ಡೋರಿಸ್ ಮೇಯರ್ 2002ರಲ್ಲಿ ಪ್ರಕಟಿಸಿದ ಅಧ್ಯಯನ ನಿಮ್ಮ ಪರಿಸ್ಥಿತಿಗೆ ತೀರಾ ಹತ್ತಿರದ್ದು. ಕೆಲಸ ಸಿಕ್ಕ ಕನಸನ್ನು ಹೆಚ್ಚು ಕಂಡ ಪದವೀಧರರು ಎರಡು ವರ್ಷಗಳಲ್ಲಿ ಹಾಕಿದ ಅರ್ಜಿಗಳೂ ಕಡಿಮೆ, ಅವರಿಗೆ ಬಂದ ಕೆಲಸದ ಆಫರ್‌ಗಳೂ ಸಂಬಳವೂ ಕಡಿಮೆ. ಆದರೆ ‘ನನಗೆ ಕೆಲಸ ಸಿಗುವ ಸಾಧ್ಯತೆ ಚೆನ್ನಾಗಿದೆ’ ಎಂದು ಅಂದಾಜಿಸಿದ್ದವರು ಮುಂದೆ ಬಂದರು. ಅಂಥ ಅಂದಾಜು ಹಿಂದಿನ ಅನುಭವದ ಮೇಲೆ ನಿಂತಿರುತ್ತದೆ. ಹಗಲುಗನಸಿಗೆ ಆ ತಳಪಾಯ ಬೇಕಿಲ್ಲ. ಈ ಎರಡನ್ನೂ ‘ಪಾಸಿಟಿವ್ ಥಿಂಕಿಂಗ್’ ಎಂಬ ಒಂದೇ ಹೆಸರಿನಲ್ಲಿ ಮಾರುವುದರಿಂದಲೇ ಗೊಂದಲ.

ಕನಸು ಕೆಲಸವನ್ನು ತಡೆಯುವುದೇಕೆ? ಗೆಲುವನ್ನು ಮನಸ್ಸಿನಲ್ಲೇ ಸವಿದಾಗ ಮೈಯ ಹುರುಪು ಇಳಿಯುತ್ತದೆ. ಓಟಿಂಗೆನ್ ಹೀದರ್ ಕ್ಯಾಪ್ಸ್ ಜೊತೆ 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ರಕ್ತದೊತ್ತಡದ ಮೇಲಿನ ಅಂಕಿಯಲ್ಲೇ ಈ ಇಳಿಕೆ ಕಂಡಿತು. ದಣಿದಾಗ ಅದು ಹಿತವೇ. ಅರ್ಜಿ ತುಂಬಬೇಕಾದ ಬೆಳಗ್ಗೆ ಅಲ್ಲ.

ಬದಲಿಗೆ ಹೀಗೆ ಮಾಡಿ. ನಾಲ್ಕು ವಾರದೊಳಗೆ ಆಗಬಹುದಾದ ಒಂದು ಗುರಿ ಬರೆಯಿರಿ: ‘ಐದು ಅರ್ಜಿ ಕಳಿಸುವುದು’. ಅದು ಕೈಗೂಡಿದರೆ ಆಗುವ ಒಳಿತನ್ನು ಒಂದೆರಡು ನಿಮಿಷ ಕಣ್ಮುಂದೆ ತಂದುಕೊಳ್ಳಿ. ತಕ್ಷಣ, ನಿಮ್ಮೊಳಗಿನ ಯಾವ ಅಡ್ಡಿ ತಡೆಯುತ್ತಿದೆ ಎಂದು ಹುಡುಕಿ. ಈ ಕ್ರಮ ತಿರುವುಮುರುವಾದರೆ ಪರಿಣಾಮ ಸಿಗುವುದಿಲ್ಲ. ‘ಮಾರುಕಟ್ಟೆ ಸರಿಯಿಲ್ಲ’ ಎಂದು ಬರೆದು ನಿಲ್ಲಿಸುವುದು ಎಲ್ಲರೂ ಮಾಡುವ ತಪ್ಪು, ಏಕೆಂದರೆ ಅದು ನಿಮ್ಮ ಕೈಯಲ್ಲಿಲ್ಲ. ‘ಅನುಭವದ ಕಾಲಂ ಬಂದ ಕೂಡಲೇ ಅಳುಕಿ ಮೊಬೈಲ್ ಎತ್ತಿಕೊಳ್ಳುತ್ತೇನೆ’ ಎನ್ನುವಷ್ಟು ಸ್ಪಷ್ಟವಾಗಿರಲಿ. ಕೊನೆಗೆ ಒಂದೇ ವಾಕ್ಯದ ಯೋಜನೆ: ‘ಆ ಕಾಲಂನಲ್ಲಿ ಕೈ ನಿಂತರೆ, ಕಾಲೇಜಿನ ಪ್ರಾಜೆಕ್ಟ್‌ನಲ್ಲಿ ನಾನು ಮಾಡಿದ ಮೂರು ಕೆಲಸಗಳನ್ನು ಅಲ್ಲೇ ಟೈಪ್ ಮಾಡುತ್ತೇನೆ.’ ‘ಇನ್ನಷ್ಟು ಪ್ರಯತ್ನಿಸುತ್ತೇನೆ’ ಎಂಬಂಥ ವಾಕ್ಯ ಬೇಡ. ಯಾವಾಗ, ಏನು ಎಂಬುದು ಅದರಲ್ಲಿಲ್ಲ. ‘ಹೀಗಾದರೆ ಹೀಗೆ ಮಾಡುತ್ತೇನೆ’ ಎಂಬ ಈ ಬಗೆಯ ಯೋಜನೆಯನ್ನು ಮನೋವಿಜ್ಞಾನಿ ಪೀಟರ್ ಗಾಲ್ವಿಟ್ಸರ್ ವಿವರವಾಗಿ ಅಧ್ಯಯನ ಮಾಡಿದ್ದಾರೆ. ಸನ್ನಿವೇಶ ಎದುರಾದಾಗ ಮತ್ತೆ ಯೋಚಿಸಿ ತೀರ್ಮಾನಿಸುವ ತ್ರಾಸ ತಪ್ಪುತ್ತದೆ ಎಂಬುದೇ ಅದರ ಬಲ.

ಅಡ್ಡಿಯನ್ನು ನೋಡಿದ ಮೇಲೆ ಈ ಗುರಿ ನನ್ನಿಂದ ಆಗದು ಎನಿಸಿದರೆ ಗುರಿ ಬದಲಿಸಿ. ಅದೂ ಈ ವಿಧಾನದ ಉಪಯೋಗವೇ.

ಪ್ರಶ್ನೆ: ಪರೀಕ್ಷೆಯಲ್ಲಿ ಬರಬೇಕಾದ ಅಂಕವನ್ನು ಬರೆದು ಗೋಡೆಗೆ ಅಂಟಿಸಿದರೆ ಸಹಾಯವಾಗುತ್ತದೆಯೇ?

ಉತ್ತರ: ಅಂಕದ ಬದಲು ಓದುವ ಕ್ರಿಯೆಯನ್ನು ಕಲ್ಪಿಸಿಕೊಳ್ಳಿ. ಲಿಯೆನ್ ಫಾಮ್ ಮತ್ತು ಶೆಲ್ಲಿ ಟೇಲರ್ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಳ್ಳೆಯ ಅಂಕ ಬಂದ ಕ್ಷಣವನ್ನು ಊಹಿಸಿಕೊಂಡವರಿಗಿಂತ ತಾವು ಕೂತು ಓದುವುದನ್ನು ಊಹಿಸಿಕೊಂಡವರಿಗೆ ಹೆಚ್ಚು ಅಂಕ ಬಂತು. ಗೋಡೆಗೆ ಅಂಟಿಸುವುದಾದರೆ ‘ಸಂಜೆ 6ಕ್ಕೆ, ಮೂರನೇ ಅಧ್ಯಾಯ, ಪುಸ್ತಕ ಮುಚ್ಚಿ ಹತ್ತು ಪ್ರಶ್ನೆಗೆ ಉತ್ತರ’ ಎಂದು ಬರೆಯಿರಿ.

ಪ್ರಶ್ನೆ: ಅಮ್ಮನಿಗೆ ಕ್ಯಾನ್ಸರ್. ‘ಪಾಸಿಟಿವ್ ಆಗಿರಿ, ಅತ್ತರೆ ಕಾಯಿಲೆ ಹೆಚ್ಚುತ್ತದೆ’ ಎಂದು ಬಂದವರೆಲ್ಲ ಹೇಳುತ್ತಾರೆ. ಅಮ್ಮ ಈಗ ಅಳುವುದಕ್ಕೂ ಹೆದರುತ್ತಿದ್ದಾರೆ.

ಉತ್ತರ: ಅಮ್ಮನಿಗೆ ಅಳಬೇಕೆನಿಸಿದರೆ ಅಳಲಿ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಇದ್ದ ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು ಜೇಮ್ಸ್ ಕಾಯ್ನ್ ಮತ್ತು ಸಂಗಡಿಗರು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದರು. ಮನಸ್ಸಿನ ನೆಮ್ಮದಿಗೂ ಎಷ್ಟು ಕಾಲ ಬದುಕುತ್ತಾರೆ ಎಂಬುದಕ್ಕೂ ಅಲ್ಲಿ ನಂಟು ಕಾಣಲಿಲ್ಲ. ಕಾಯಿಲೆಯ ಜೊತೆಗೆ ನಗುತ್ತಿರಬೇಕಾದ ಹೊರೆಯನ್ನೂ ಅವರ ಮೇಲೆ ಹೇರುವುದು ಅನ್ಯಾಯ. ಬಂದವರಿಗೆ ನೀವೇ ಹೊರಗೆ ಕರೆದು ಇದನ್ನು ಹೇಳಿ. ಆದರೆ ಎರಡು ವಾರ ಕಳೆದರೂ ಅಮ್ಮನಿಗೆ ನಿದ್ದೆ ಬಾರದೆ, ಯಾವುದರಲ್ಲೂ ಆಸಕ್ತಿಯಿಲ್ಲದೆ ಇದ್ದರೆ ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ತಿಳಿಸಿ. ಸಾಯುವ ಮಾತು ಆಡಿದರಂತೂ ಒಂದು ದಿನವೂ ಕಾಯಬೇಡಿ. ಖಿನ್ನತೆಗೆ ಬೇರೆಯೇ ಚಿಕಿತ್ಸೆ ಇದೆ, ಅದರಿಂದ ಅವರ ದಿನಗಳು ಹಗುರಾಗುತ್ತವೆ.