‘ಥ್ಯಾಂಕ್ಸ್ ಹೇಳು’ ಅಂದರೆ ಮುಖ ತಿರುಗಿಸುತ್ತಾನೆ

ಪ್ರಶ್ನೆ: ಮಗನಿಗೆ 13 ವರ್ಷ. ಏನು ಕೊಡಿಸಿದರೂ ಖುಷಿಯಿಲ್ಲ. ‘ಥ್ಯಾಂಕ್ಸ್ ಹೇಳು’ ಅಂದರೆ ಮುಖ ತಿರುಗಿಸುತ್ತಾನೆ. 8 ವರ್ಷದ ಮಗಳೂ ಅದನ್ನೇ ಕಲಿಯುತ್ತಿದ್ದಾಳೆ. ಏನು ಮಾಡಲಿ?

ಉತ್ತರ: ಮೊದಲು, ನಾಲ್ಕು ಜನರ ಮುಂದೆ ‘ಹೇಳು, ಹೇಳು’ ಅನ್ನೋದನ್ನು ಬಿಡಿ. ನಾನೂ ನನ್ನ ಮಗಳಿಗೆ ಹಾಗೇ ಮಾಡುತ್ತಿದ್ದೆ. ಹೇಳುತ್ತಿದ್ದಳು, ನೆಲ ನೋಡಿಕೊಂಡು! ಒಂದು ದಿನ ಅವಳ ಹರಿದ ಬ್ಯಾಗ್ ಹೊಲಿಯುವಾಗ ಪಕ್ಕದಲ್ಲೇ ಕೂರಿಸಿಕೊಂಡೆ. ಸೂಜಿಗೆ ದಾರ ಪೋಣಿಸುವಷ್ಟರಲ್ಲೇ ಸುಸ್ತಾದಳು. ‘ಅಮ್ಮಾ, ಇದು ಇಷ್ಟು ಕಷ್ಟಾನಾ?’ ಅಂದಳು. ನಾನು ಕಾಯುತ್ತಿದ್ದ ಮಾತು ಅದೇ. ಯಾರೋ ಪಟ್ಟ ಶ್ರಮ ಕಣ್ಣಿಗೆ ಬಿದ್ದರೆ ತಾನೇ ಕೃತಜ್ಞತೆ ಹುಟ್ಟೋದು, ಅಲ್ವಾ? ಅಂದಹಾಗೆ, ಮಗ ಏನಾದರೂ ಕೆಲಸ ಮಾಡಿಕೊಟ್ಟಾಗ ನೀವು ಅವನಿಗೆ ಥ್ಯಾಂಕ್ಸ್ ಹೇಳುತ್ತೀರಾ?

ಮಗಳಿಗೆ ಮಲಗುವಾಗ ‘ಇವತ್ತು ನಿನಗೆ ಯಾರು ಸಹಾಯ ಮಾಡಿದರು?’ ಅಂತ ಕೇಳಿ. ಅಷ್ಟು ಸಾಕು.

ಮಗನಿಗೆ ಒಂದು ನೋಟ್‌ಬುಕ್ ಕೊಡಿ. ಅಮೆರಿಕದಲ್ಲಿ 6 ಮತ್ತು 7ನೇ ತರಗತಿಯ 221 ಮಕ್ಕಳ ಮೇಲೆ ನಡೆದ ಒಂದು ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಎರಡು ವಾರ ಕೃತಜ್ಞತೆಯ ಪಟ್ಟಿ (ಯಾವುದಕ್ಕೆಲ್ಲ ಥ್ಯಾಂಕ್ಸ್ ಹೇಳಬೇಕು ಅನಿಸಿತು ಅನ್ನೋದು) ಬರೆದವರಲ್ಲಿ, ಕಿರಿಕಿರಿಗಳ ಪಟ್ಟಿ ಬರೆದವರಿಗಿಂತ ಭರವಸೆ ಜಾಸ್ತಿ ಇತ್ತು. ನಿಮ್ಮ ಮಗನೂ ಎರಡು ವಾರ ಬರೆಯಲಿ. ಬೇಡ ಅಂದರೆ ಸುಮ್ನೆ ಬಿಟ್ಟುಬಿಡಿ. ಬರೆದರೆ ಮಾತ್ರ ಕದ್ದು ಓದಬೇಡಿ.