ಸಕಲೇಶಪುರದಲ್ಲಿ ಫೈಲು ಹೇಗೆ ನಡೆಯುತ್ತದೆ

ಸಕಲೇಶಪುರದವನು ಅಂದರೆ ಸಾಕು, "ನಿಮ್ಮ ಕಡೆ ಸರ್ಕಾರಿ ಕಚೇರಿಯಲ್ಲಿ ಲಂಚ ಜಾಸ್ತಿಯಾ" ಅಂತ ಕೇಳುತ್ತಾರೆ. ಹೌದು. ಆದರೆ ಎಷ್ಟು ಕೊಡಬೇಕು ಅನ್ನುವುದಕ್ಕಿಂತ ಯಾಕೆ ಕೊಡುತ್ತಾರೆ ಅನ್ನುವುದನ್ನು ಹೇಳಿದರೆ ನಮ್ಮೂರು ಅರ್ಥವಾದೀತು.

ಹಾಸನ ಜಿಲ್ಲೆಯ ಕೊನೆ ನಮ್ಮದು. ಶಿರಾಡಿ ಘಾಟಿ ಇಳಿದರೆ ದಕ್ಷಿಣ ಕನ್ನಡ. ಇಲ್ಲಿ ಕಾಡು, ಕಾಫಿ ತೋಟ, ಸರ್ಕಾರಿ ಜಮೀನು ಒಂದರೊಳಗೊಂದು ಸೇರಿಕೊಂಡಿವೆ. ಅಜ್ಜನ ಕಾಲದಿಂದ ಮಾಡಿಕೊಂಡು ಬಂದ ಎರಡೆಕರೆಗೆ ಕಾಗದವೇ ಇಲ್ಲದ ಮನೆಗಳು ಬೇಕಾದಷ್ಟಿವೆ. ಎಲ್ಲ ಶುರುವಾಗುವುದು ಅಲ್ಲಿಂದ.

ಹೀಗೆ ಮಂಜೂರಾತಿ ಇಲ್ಲದೆ ಸರ್ಕಾರಿ ಜಮೀನು ಸಾಗುವಳಿ ಮಾಡುವುದಕ್ಕೆ ಬಗರ್ ಹುಕುಂ ಅನ್ನುತ್ತಾರೆ. ಅದನ್ನು ಸಕ್ರಮ ಮಾಡಿಕೊಳ್ಳಲು ಅಂಥವರು ಅರ್ಜಿ ಹಾಕಬೇಕಿತ್ತು. ಮೊದಲು ನಮೂನೆ 50, ಆಮೇಲೆ 53, ಕೊನೆಗೆ 57. ಈ 57ಕ್ಕೆ 2005ರ ಜನವರಿ 1ಕ್ಕಿಂತ ಮೊದಲೇ ಸಾಗುವಳಿ ಇದ್ದಿರಬೇಕು. ತೀರ್ಮಾನ ಮಾಡುವ ಸಮಿತಿಗೆ ಸಾಮಾನ್ಯವಾಗಿ ಶಾಸಕರೇ ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ಆಗುತ್ತದೆ ಅಥವಾ ಆಗುವುದಿಲ್ಲ, ಎರಡರಲ್ಲಿ ಒಂದು ಹೇಳಿದರೆ ಸಾಕು. ಆದರೆ ಅರ್ಜಿ ಹಾಕಿದವನು ತೀರಿಕೊಂಡು, ಮಗ ಓಡಾಡುತ್ತಿರುವ ಫೈಲುಗಳೂ ಇವೆ.

ಇದರಿಂದ ಏನಾಗುತ್ತದೆ ನೋಡಿ. ಊರಿಗೆ ಶಾಸಕರು ಬರುತ್ತಾರೆ. ರಸ್ತೆ ಕಿತ್ತು ಹೋಗಿದೆ. ಯಾರೋ ಹುಡುಗ ಕೇಳಲು ಬಾಯಿ ತೆರೆಯುತ್ತಾನೆ. ಪಕ್ಕದಲ್ಲಿ ನಿಂತ ಅಪ್ಪ ಅಂಗಿ ಎಳೆದು, "ಸುಮ್ನಿರೋ, ನಮ್ಮ ಫೈಲು ಅಲ್ಲಿದೆ" ಅನ್ನುತ್ತಾನೆ. ಓಟು ಹಾಕಿದವರಿಗೆ ಗೆದ್ದವರು ಹೆದರಬೇಕು ಅಲ್ವಾ? ಇಲ್ಲಿ ತಿರುಗುಮುರುಗು. ಹಕ್ಕಿನಿಂದ ಸಿಗಬೇಕಾದ್ದು ಉಪಕಾರವಾಗಿ ಸಿಕ್ಕರೆ, ಮುಂದಿನ ಚುನಾವಣೆಯಲ್ಲಿ ಋಣ ತೀರಿಸುವ ಮಾತೇ ಮೊದಲು ಬರುತ್ತದೆ. ಕೆಲಸ ಮಾಡಿದರಾ ಇಲ್ಲವಾ ಅನ್ನುವುದು ಆಮೇಲೆ.

ಹಕ್ಕುಪತ್ರ ಸಿಕ್ಕರೂ ಮುಗಿಯಲಿಲ್ಲ. ಪೋಡಿ ಆಗಬೇಕು. ಅಂದರೆ ಅಳತೆ ಮಾಡಿ ನಿಮ್ಮ ತುಂಡಿಗೆ ಬೇರೆ ನಂಬರು ಕೊಡಬೇಕು. ಜೂನ್ ಬಂದರೆ ಮಳೆ, ಸರ್ವೆಯವರು ತೋಟಕ್ಕೆ ಕಾಲಿಡುವುದಿಲ್ಲ. ಇದು ನಿಜವಾದ ಕಾರಣವೇ, ಜಿಗಣೆ ಇರುವ ಕಡೆ ಚೈನು ಹಿಡಿದು ನಡೆಯುವುದು ಸುಲಭವಲ್ಲ. ಆದರೆ ಡಿಸೆಂಬರ್ ಬಂದರೂ "ಮಳೆ ನಿಲ್ಲಲಿ" ಅಂದರೆ ಅರ್ಥ ಬೇರೆ. ಆಗ ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೂತವರು ಕರೆಯುತ್ತಾರೆ. "ಖರ್ಚು ಸ್ವಲ್ಪ ನೋಡ್ಕೊಳ್ಳಿ, ಮುಂದಿನ ವಾರ ಆಗುತ್ತೆ." ಲಂಚ ಅನ್ನುವ ಪದ ಯಾರೂ ಬಳಸುವುದಿಲ್ಲ.

ಕಾನೂನು ಇಲ್ಲ ಅಂತಲ್ಲ. ಸರ್ಕಾರಿ ಕೆಲಸ ಇಂತಿಷ್ಟು ದಿನದಲ್ಲಿ ಆಗಬೇಕು ಅನ್ನುವ ಸಕಾಲ 2012ರಿಂದ ಇದೆ. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500, ತಡ ಮಾಡಿದವರ ಸಂಬಳದಿಂದ. ಆದರೆ ಅರ್ಜಿಯನ್ನು ಸುಮ್ನೆ ಕೈಯಲ್ಲಿ ತಗೊಂಡು ಸಕಾಲ ನಂಬರೇ ಕೊಡದಿದ್ದರೆ ದಿನ ಎಣಿಸುವುದು ಶುರುವಾಗುವುದೇ ಇಲ್ಲ. ಲೋಕಾಯುಕ್ತದ ಪೊಲೀಸ್ ಅಧಿಕಾರ ತೆಗೆದು 2016ರಲ್ಲಿ ಎಸಿಬಿ, ಅಂದರೆ ಭ್ರಷ್ಟಾಚಾರ ನಿಗ್ರಹ ದಳ, ಮಾಡಿದರು. 2022ರಲ್ಲಿ ಹೈಕೋರ್ಟ್ ಎಸಿಬಿಯನ್ನು ರದ್ದು ಮಾಡಿತು. ಇನ್ನು ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆದಮೇಲೆ ಲಂಚ ಕೊಟ್ಟವನೂ ಅಪರಾಧಿ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ದೂರು ಕೊಡಬೇಕು. ಕೂಲಿಗೆ ಹೋಗುವವನಿಗೆ ಇದನ್ನು ಹೇಳುವವರು ಯಾರು?

ಎತ್ತಿನಹೊಳೆ ಕುಡಿಯುವ ನೀರಿನ ಯೋಜನೆಯ ಹೆಸರು ಕೇಳಿರುತ್ತೀರಿ, ಅದೂ ನಮ್ಮ ತಾಲ್ಲೂಕಿನದೇ. 2014ರಲ್ಲಿ 12,912 ಕೋಟಿ ಇದ್ದ ಅಂದಾಜು ಆಮೇಲೆ 23,251 ಕೋಟಿಗೆ ಹೋಯಿತು. ಏರಿದ್ದೆಲ್ಲ ಯಾರದೋ ಜೇಬಿಗೆ ಹೋಯಿತು ಅಂತ ನಾನು ಹೇಳುವುದಿಲ್ಲ. ಭೂಸ್ವಾಧೀನ, ದರ ಏರಿಕೆ, ಹತ್ತು ವರ್ಷದ ತಡ, ಎಲ್ಲಾ ಸೇರಿರುತ್ತದೆ. ಆದರೆ ಎರಡೆಕರೆಯ ಫೈಲಿಗೇ ಬಾಯಿ ಮುಚ್ಚಿಕೊಂಡವನು ಗ್ರಾಮಸಭೆಯಲ್ಲಿ ಎದ್ದು ಈ ಲೆಕ್ಕ ಕೇಳುತ್ತಾನಾ?

ನೀವು ಈ ಕಡೆ ಜಮೀನು ನೋಡುತ್ತಿದ್ದರೆ ಪಹಣಿ ಒಂದನ್ನೇ ನಂಬಬೇಡಿ. ಮಂಜೂರಾದ ಜಮೀನಾ, ಪೋಡಿ ಆಗಿದೆಯಾ, ಅರಣ್ಯದವರ ತಕರಾರು ಇದೆಯಾ ಕೇಳಿ. ಸಕಾಲದಲ್ಲಿ ಬರುವ ಯಾವ ಅರ್ಜಿ ಕೊಟ್ಟರೂ ಸಕಾಲ ನಂಬರ್ ಇರುವ ರಸೀದಿ ಕೈಗೆ ಬರುವ ತನಕ ಕೌಂಟರ್ ಬಿಟ್ಟು ಕದಲಬೇಡಿ. ಹಿಂದೆ ನಿಂತವರು ಗೊಣಗುತ್ತಾರೆ, ಗೊಣಗಲಿ.