ಊರವರು ಕಾಪಾಡಿದ ಚರ್ಚು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಇಂಗ್ಲೆಂಡಿನ ತೀರಾ ಸಣ್ಣ ಹಳ್ಳಿಗಳಲ್ಲೂ ಏಳೆಂಟು ನೂರು ವರ್ಷ ಹಳೆಯ ಕಲ್ಲಿನ ಚರ್ಚುಗಳಿವೆ. ಅವುಗಳನ್ನು ಕಟ್ಟಿಸಿದವರು ಯಾರು, ದುರಸ್ತಿಯ ಖರ್ಚು ಯಾರ ಮೇಲೆ ಬೀಳುತ್ತಿತ್ತು?

ಉತ್ತರ: ಮೊದಲು ಕಟ್ಟಿಸಿದವನು ಬಹಳ ಕಡೆ ಊರಿನ ಜಮೀನ್ದಾರ. 10 ಮತ್ತು 11ನೇ ಶತಮಾನಗಳಲ್ಲಿ ಆತ ತನ್ನ ಮನೆಯ ಪಕ್ಕದಲ್ಲಿಯೇ ಚರ್ಚು ಎಬ್ಬಿಸಿ, ಅದಕ್ಕೆ ಪಾದ್ರಿಯನ್ನು ಗೊತ್ತುಮಾಡುವ ಹಕ್ಕನ್ನೂ ತನ್ನ ಕೈಯಲ್ಲೇ ಇಟ್ಟುಕೊಳ್ಳುತ್ತಿದ್ದ. ಆ ಕಾಲದ ಎಷ್ಟೋ ಚರ್ಚುಗಳು ಮರದವು. ಎಸೆಕ್ಸ್ ಪ್ರಾಂತದ ಗ್ರೀನ್‌ಸ್ಟೆಡ್‌ನಲ್ಲಿ ಸೀಳಿದ ಓಕ್ ದಿಮ್ಮಿಗಳನ್ನು ಸಾಲಾಗಿ ನಿಲ್ಲಿಸಿ ಮಾಡಿದ 11ನೇ ಶತಮಾನದ ಗೋಡೆಯನ್ನು ಈಗಲೂ ಕಾಣಬಹುದು.

ದುರಸ್ತಿಯ ವಿಷಯ ಇದಕ್ಕಿಂತ ಸ್ವಾರಸ್ಯಕರವಾಗಿದೆ. 13ನೇ ಶತಮಾನದ ಹೊತ್ತಿಗೆ ಹೊಣೆ ಎರಡು ಪಾಲಾಗಿತ್ತು: ಬಲಿಪೀಠವಿರುವ ಪೂರ್ವಭಾಗವಾದ ಚಾನ್ಸೆಲ್ ರೆಕ್ಟರನ ಪಾಲಿಗೆ, ಜನ ನಿಲ್ಲುವ ನಡುಭಾಗವಾದ ನೇವ್ ಊರವರ ಪಾಲಿಗೆ. ರೆಕ್ಟರ್ ಎಂದರೆ ಊರಿನ ಬೆಳೆಯ ಹತ್ತನೆಯ ಒಂದು ಪಾಲನ್ನು ದಶಮಾಂಶವೆಂದು ಪಡೆಯುವವನು. ಎಷ್ಟೋ ಕಡೆ ಆ ಸ್ಥಾನದಲ್ಲಿದ್ದದ್ದು ದೂರದ ಒಂದು ಸನ್ಯಾಸಿ ಮಠ. ಧಾನ್ಯವನ್ನು ತಪ್ಪದೆ ಸಾಗಿಸಿಕೊಂಡು ಹೋಗುತ್ತಿದ್ದ ಮಠಗಳು ಚಾನ್ಸೆಲ್‌ಗೆ ಖರ್ಚು ಮಾಡುವಾಗ ಮಾತ್ರ ಕೈ ಬಿಗಿಹಿಡಿಯುತ್ತಿದ್ದವು ಎಂದು ನನಗನ್ನಿಸುತ್ತದೆ, ಏಕೆಂದರೆ ಊರವರು 15ನೇ ಶತಮಾನದಲ್ಲಿ ಎತ್ತರಿಸಿ ದೊಡ್ಡ ಕಿಟಕಿಗಳನ್ನಿಟ್ಟ ನೇವ್‌ನ ಮಗ್ಗುಲಿಗೆ ತಗ್ಗಾದ ಹಳೆಯ ಚಾನ್ಸೆಲ್ ಅಂಟಿಕೊಂಡಿರುವ ದೃಶ್ಯ ಇಂಗ್ಲೆಂಡಿನ ಹಳ್ಳಿಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ.

ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿದ ಮೇಲೆ ಆ ಆದಾಯ ಖಾಸಗಿಯವರ ಕೈಸೇರಿತು. ಹೊಣೆಯೂ ಅದರ ಬೆನ್ನಿಗೇ ಹೋಯಿತು. 2003ರಲ್ಲಿ ವಾರಿಕ್‌ಶೈರ್‌ನ ಆ್ಯಸ್ಟನ್ ಕ್ಯಾಂಟ್ಲೊ ಎಂಬಲ್ಲಿ ಅಂತಹ ಜಮೀನಿನ ಒಡೆತನ ಹೊಂದಿದ್ದ ಕುಟುಂಬವೊಂದು ಚಾನ್ಸೆಲ್ ದುರಸ್ತಿಯ ಖರ್ಚಿಗೆ ಬಾಧ್ಯವೆಂದು ಅಲ್ಲಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು.

ಪ್ರಶ್ನೆ: ಚರ್ಚಿನ ಖರ್ಚಿಗಾಗಿ ಊರವರು ಮದ್ಯ ಕಾಯಿಸಿ ಮಾರುತ್ತಿದ್ದರೆಂದು ಓದಿದೆ. ಇದು ನಂಬುವಂಥದ್ದೇ?

ಉತ್ತರ: ನಂಬಲೇಬೇಕು, ಲೆಕ್ಕದ ಪುಸ್ತಕಗಳೇ ಉಳಿದಿವೆ. ಬಾರ್ಲಿಯ ಮಾಲ್ಟಿನಿಂದ ಏಲ್ ತಯಾರಿಸಿ, ಊರಿಗೆ ಊರೇ ಸೇರಿ, ನೆರೆಹಳ್ಳಿಯವರನ್ನೂ ಕರೆದು ಕುಡಿದು ತಿಂದು ಕಳೆಯುವ ಈ ಹಬ್ಬಕ್ಕೆ ಚರ್ಚ್ ಏಲ್ ಎಂದೇ ಹೆಸರು; ಬಂದ ಲಾಭ ಸೂರಿಗೆ, ಗಂಟೆಗೆ, ಮೇಣದ ಬತ್ತಿಗೆ ಹೋಗುತ್ತಿತ್ತು. ನೈರುತ್ಯದ ಡೆವನ್‌ನಂಥ ಪ್ರಾಂತಗಳಲ್ಲಿ ಇದಕ್ಕೆಂದೇ ಚರ್ಚಿನ ಪಕ್ಕ ಚರ್ಚ್ ಹೌಸ್ ಎಂಬ ಕಟ್ಟಡವನ್ನು ಕಟ್ಟಿಕೊಂಡಿದ್ದರು.

ಡೆವನ್‌ನ ಮೋರ್‌ಬಾತ್ ಎಂಬ ಹಳ್ಳಿಯನ್ನೇ ನೋಡಿ. ಎಕ್ಸ್‌ಮೂರ್ ಬಯಲಿನ ಅಂಚಿನಲ್ಲಿ ಮೂವತ್ತಕ್ಕೆ ಸ್ವಲ್ಪ ಮೇಲ್ಪಟ್ಟು ಮನೆಗಳಿದ್ದ ಈ ಊರಿಗೆ ಕ್ರಿಸ್ಟೊಫರ್ ಟ್ರೈಕಿ ಎಂಬ ಪಾದ್ರಿ 1520ರಲ್ಲಿ ಬಂದು 1574ರವರೆಗೆ ಇದ್ದ. ಮಧ್ಯಯುಗದ ಕೊನೆಯನ್ನು ಕಣ್ಣಾರೆ ಕಂಡ ಆತ ತನ್ನ ಕೈಯಿಂದಲೇ ಊರಿನ ಲೆಕ್ಕಗಳನ್ನು ಬರೆದಿಟ್ಟು, ನೆರೆದವರಿಗೆ ಅವನ್ನು ಓದಿ ಹೇಳುತ್ತಿದ್ದ. ಆ ಲೆಕ್ಕಗಳ ಪ್ರಕಾರ ಚರ್ಚಿಗೆ ಸ್ವಂತ ಕುರಿಗಳಿದ್ದವು, ಅವು ಊರವರ ಮಂದೆಗಳಲ್ಲಿ ಹಂಚಿಹೋಗಿ ಮೇಯುತ್ತಿದ್ದವು, ಉಣ್ಣೆಯ ಹಣ ಸಂತರ ಮೂರ್ತಿಗಳ ಮುಂದಿನ ದೀಪಗಳಿಗೆ ಸಲ್ಲುತ್ತಿತ್ತು. ಯುವಕರದ್ದೊಂದು ನಿಧಿ, ಅವಿವಾಹಿತ ಹೆಣ್ಣುಮಕ್ಕಳದ್ದೊಂದು ನಿಧಿ, ಒಂದೊಂದಕ್ಕೂ ಬೇರೆ ವಾರ್ಡನ್‌ಗಳು. ಅಷ್ಟು ಸಣ್ಣ ಊರಿನಲ್ಲಿ ಲೆಕ್ಕ ಒಪ್ಪಿಸುವ ಸರದಿ ಒಂದಲ್ಲ ಒಂದು ದಿನ ಯಾವ ಮನೆಗಾದರೂ ಬರಲೇಬೇಕಿತ್ತು.

ಸತ್ತವರಿಗಾಗಿ ನಡೆಸುವ ಬಲಿಪೂಜೆಗೆ (ಮಾಸ್ ಎಂಬ ಕ್ರೈಸ್ತ ಆರಾಧನೆಗೆ) ಕಪ್ಪು ಉಡುಪು ಕೊಳ್ಳಬೇಕೆಂದು ಟ್ರೈಕಿ ಸುಮಾರು ಎರಡು ದಶಕ ಚಿಲ್ಲರೆ ಚಿಲ್ಲರೆಯಾಗಿ ಹಣ ಕೂಡಿಸಿದ. ಅದು ಕೈಗೆ ಬಂದ ಹೊತ್ತಿಗೆ ಪ್ರೊಟೆಸ್ಟಂಟ್ ಧರ್ಮಸುಧಾರಣೆಯ ಪರವಾಗಿದ್ದ ಆರನೆಯ ಎಡ್ವರ್ಡ್ ಪಟ್ಟಕ್ಕೆ ಬಂದಿದ್ದ. ಅಂತಹ ಪೂಜೆಯೇ ಕೆಲವು ವರ್ಷಗಳಲ್ಲಿ ನಿಷಿದ್ಧವಾಯಿತು. 1549ರಲ್ಲಿ ಇಂಗ್ಲಿಷ್ ಪ್ರಾರ್ಥನಾಪುಸ್ತಕವನ್ನು ಹೇರಿದಾಗ ಡೆವನ್, ಕಾರ್ನ್‌ವಾಲ್‌ಗಳು ದಂಗೆಯೆದ್ದವು. ಎಕ್ಸೆಟರ್ ಬಳಿಯ ಬಂಡುಕೋರರ ಶಿಬಿರಕ್ಕೆ ಈ ಹಳ್ಳಿಯಿಂದಲೂ ಐವರು ತರುಣರು ಹೋದರು, ಅವರಿಗೆ ಕೊಟ್ಟ ಹಣವೂ ಅದೇ ಪುಸ್ತಕದಲ್ಲಿ ದಾಖಲಾಗಿದೆ.

ಪ್ರಶ್ನೆ: ಹಳೆಯ ಚರ್ಚುಗಳ ಚಿತ್ರಗಳಲ್ಲಿ ಗೋಡೆಯೊಳಗೇ ಹತ್ತಿಹೋಗಿ, ಮೇಲೆ ಎಲ್ಲಿಗೂ ತಲುಪದ ಕಿರಿದಾದ ಮೆಟ್ಟಿಲು ಕಾಣಿಸುತ್ತದೆ. ಅದೇನು?

ಉತ್ತರ: ಅದು ರೂಡ್ ಅಟ್ಟಕ್ಕೆ ಹೋಗುವ ದಾರಿ. ನೇವ್ ಮತ್ತು ಚಾನ್ಸೆಲ್ ನಡುವೆ ಕೆತ್ತನೆಯ ಮರದ ತೆರೆ, ಅದರ ಮೇಲೊಂದು ಅಟ್ಟ, ಅಲ್ಲಿ ರೂಡ್ ಎನ್ನುವ ದೊಡ್ಡ ಶಿಲುಬೆ, ಅದರ ಎಡಬಲಕ್ಕೆ ಮರಿಯಮ್ಮ ಮತ್ತು ಯೋವಾನ್ನರ ಮೂರ್ತಿಗಳು ಇರುತ್ತಿದ್ದವು. ಬತ್ತಿ ಹಚ್ಚಲು ಯಾರಾದರೂ ಆ ಮೆಟ್ಟಿಲೇರಬೇಕಿತ್ತು. ಎಡ್ವರ್ಡನ ಕಾಲದಲ್ಲಿ ಮೂರ್ತಿಗಳು ಹೋದವು. ಅಟ್ಟಗಳನ್ನು ತೆಗೆಯಬೇಕೆಂದು ಎಲಿಜಬೆತ್ ರಾಣಿಯ ಆಜ್ಞೆ 1561ರಲ್ಲಿ ಹೊರಟಿತು. ಮೆಟ್ಟಿಲನ್ನು ಅಗೆದು ತೆಗೆಯುವ ಗೋಜಿಗೆ ಎಷ್ಟೋ ಊರವರು ಹೋಗಲಿಲ್ಲ.

ಸಫಕ್‌ನ ವೆನ್‌ಹ್ಯಾಸ್ಟನ್‌ನಲ್ಲಿ ಇದರ ಇನ್ನೊಂದು ಕುರುಹಿದೆ. ಅಲ್ಲಿ ರೂಡ್‌ನ ಹಿಂದೆ ಅಂತಿಮ ತೀರ್ಪಿನ ದೃಶ್ಯವನ್ನು ಮರದ ಹಲಗೆಗಳ ಮೇಲೆ ಬರೆದಿದ್ದರು. ಧರ್ಮಸುಧಾರಣೆಯ ಕಾಲದಲ್ಲಿ ಅದಕ್ಕೆ ಸುಣ್ಣ ಬಳಿಯಲಾಯಿತು. 1892ರಲ್ಲಿ ದುರಸ್ತಿ ನಡೆಯುತ್ತಿದ್ದಾಗ ಕೆಲಸಕ್ಕೆ ಬಾರದ ಹಲಗೆಗಳೆಂದು ಚರ್ಚಿನ ಅಂಗಳಕ್ಕೆ ಎಸೆದರು. ಮಳೆ ಬಂದು ಸುಣ್ಣ ತೊಳೆದುಹೋದಾಗ ಆತ್ಮಗಳ ತೂಕ ನೋಡುವ ತಕ್ಕಡಿ, ಬಾಯ್ದೆರೆದ ನರಕ, ಕಿರೀಟದ ಹೊರತು ಮೈಮೇಲೆ ಬಟ್ಟೆಯಿಲ್ಲದ ರಾಜ, ಎಲ್ಲವೂ ಹೊರಬಂದವು. ನಡುವೆ ಶಿಲುಬೆ ಮತ್ತು ಮೂರ್ತಿಗಳ ಆಕಾರದ ಖಾಲಿ ಜಾಗಗಳು ಮಾತ್ರ ಬಣ್ಣವಿಲ್ಲದೆ ಉಳಿದಿವೆ.

ಪ್ರಶ್ನೆ: ಪ್ಲೇಗ್ ಪಿಡುಗಿನ ನಂತರ ಈ ಚರ್ಚುಗಳ ಗತಿ ಏನಾಯಿತು?

ಉತ್ತರ: ಒಂದೊಂದು ಕಡೆ ಒಂದೊಂದು ಬಗೆ. ಹರ್ಟ್‌ಫರ್ಡ್‌ಶೈರ್‌ನ ಆ್ಯಶ್‌ವೆಲ್‌ನಲ್ಲಿ ಯಾರೋ ಗೋಪುರದ ಕಲ್ಲಿನಲ್ಲಿ ಲ್ಯಾಟಿನ್ ಸಾಲುಗಳನ್ನು ಗೀರಿ, 1350ನೇ ಇಸವಿಯನ್ನು ಹೆಸರಿಸಿ, ಸಾಕ್ಷಿ ಹೇಳಲು ಜನರ ಗಸಿಯಷ್ಟೇ ಉಳಿದಿದೆ ಎಂದು ದಾಖಲಿಸಿದ್ದಾರೆ. ಯಾರ್ಕ್‌ಶೈರ್‌ನ ವಾರಮ್ ಪರ್ಸಿ ಪ್ಲೇಗಿನ ನಂತರವೂ ಬದುಕಿತ್ತು. ಆದರೆ ಒಕ್ಕಲುಗಳು ಕರಗುತ್ತ ಬಂದು, ಬೇಸಾಯದ ನೆಲ ಕುರಿಗಳ ಹುಲ್ಲುಗಾವಲಾಗಿ, ಸುಮಾರು 1500ರ ಹೊತ್ತಿಗೆ ಊರೇ ಬರಿದಾಯಿತು. 1950ರಿಂದ 1990ರವರೆಗೆ ನಡೆದ ಉತ್ಖನನದಲ್ಲಿ ಅಲ್ಲಿ ಸುಮಾರು 700 ಅಸ್ಥಿಪಂಜರಗಳು ಸಿಕ್ಕವು. ಸೂರಿಲ್ಲದ ಚರ್ಚು ಈಗಲೂ ನಿಂತಿದೆ. ಜನ ಹೆಚ್ಚಿದಾಗ ಪಕ್ಕಕ್ಕೆ ಸೇರಿಸಿದ್ದ ಹಜಾರಗಳನ್ನು ಜನ ಕಡಿಮೆಯಾದ ಮೇಲೆ ಕೆಡವಿ, ಅವುಗಳಿಗೆ ದಾರಿಯಾಗಿದ್ದ ಕಮಾನುಗಳನ್ನು ಕಲ್ಲಿನಿಂದ ಮುಚ್ಚಿದ್ದಾರೆ; ಗೋಡೆಯಲ್ಲಿ ಆ ಕಮಾನುಗಳ ಬಾಗು ಸ್ಪಷ್ಟವಾಗಿ ಕಾಣುತ್ತದೆ.